ಚಹರೆಪ್ಪನ ಮನೆಯ ಹಸಿರು ಗೌನು

ಲೋಕದಲ್ಲಿ ಉಪದೇಶ ಮಾಡುವವರಿಗೆ ಬರವಿಲ್ಲ. ಆದರೆ ತನ್ನ ಅಂಗಿಯ ಗುಂಡಿ ಕಿತ್ತುಹೋದರೆ ಹಾಕಿಕೊಳ್ಳಲು ಬಾರದಿದ್ದರೂ ಇಡೀ ಕಟ್ಟಡದ ಗೃಹಿಣಿಯರಿಗೆ ಉಡುಪಿನ ವಿಷಯದಲ್ಲಿ ಬುದ್ಧಿ ಹೇಳಲು ಹೊರಟ ಧೀರನನ್ನು ನೋಡಬೇಕೆಂದರೆ ಚಹರೆಪ್ಪನನ್ನೇ ನೋಡಬೇಕು.

ಚಹರೆಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ರೈಲುಗಳಲ್ಲಿ ಜನ ಮರೆತುಬಿಟ್ಟ ಸಾಮಾನುಗಳನ್ನು ಕಾಪಾಡಿ, ಹುಡುಕಿಕೊಂಡು ಬಂದವರಿಗೆ ಒಪ್ಪಿಸುವ ಕೋಣೆಯೊಂದು ನಿಲ್ದಾಣದ ತುದಿಯಲ್ಲಿತ್ತು. ಅವನು ಅಲ್ಲಿಯ ಗುಮಾಸ್ತ. ಯಾರು ಬಂದು ನನ್ನ ಬ್ಯಾಗು ಎಂದು ಬಾಯಿ ತೆರೆದರೂ ಅವನು ತಲೆಯೆತ್ತದೆ "ಚಹರೆ ಹೇಳಿ" ಎನ್ನುತ್ತಿದ್ದ. ಬಣ್ಣ ಯಾವುದು, ಹಿಡಿ ಎಂಥದು, ಎಲ್ಲಿ ಸವೆದಿದೆ, ಎಲ್ಲಿ ಕಲೆಯಾಗಿದೆ, ಎಲ್ಲವನ್ನೂ ಒಪ್ಪಿಸಬೇಕು. ಯಾವ ಕಾಲದಲ್ಲೋ ಬಂದು ಹೋದ ಛತ್ರಿಯ ಹಿಡಿಯಲ್ಲಿದ್ದ ಸೀಳು ಕೂಡ ಅವನಿಗೆ ನೆನಪಿರುತ್ತಿತ್ತು. ಇಂಥ ಕಣ್ಣು ಇಲಾಖೆಯಲ್ಲೇ ಇಲ್ಲವೆಂದು ಮೇಲಧಿಕಾರಿಗಳು ಒಮ್ಮೆ ಅಂದಿದ್ದರು. ಅವರು ಹಾಗಂದ ಮೇಲೆ ಆ ಕಣ್ಣುಗಳನ್ನು ಮನೆಯಲ್ಲಿ ಸವೆಸುವುದು ಇಲಾಖೆಗೆ ಬಗೆದ ದ್ರೋಹವೆಂದು ಚಹರೆಪ್ಪ ತೀರ್ಮಾನಿಸಿದ. ಸಂಜೆ ಬಂದವನೇ ಆರಾಮಕುರ್ಚಿಯಲ್ಲಿ ಒರಗಿ, ಕಣ್ಣಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು, ಚಹಾವನ್ನು ಕೈಯಲ್ಲೇ ತಡವಿ ಕುಡಿಯುತ್ತಿದ್ದ. ಒದ್ದೆ ಬಟ್ಟೆ ಹೋದ ಮೇಲೆ ಪತ್ರಿಕೆ ಮುಖಕ್ಕೆ ಅಡ್ಡ ಬರುತ್ತಿತ್ತು. ಪತ್ರಿಕೆ ಇಳಿಯುವ ಹೊತ್ತಿಗೆ ನಿದ್ದೆ ಬಂದಿರುತ್ತಿತ್ತು. ದಾರಿಯಲ್ಲಿ ನಡೆಯುವಾಗಲೂ ದೃಷ್ಟಿ ನೆಲದ ಮೇಲೆಯೇ. ಕಳೆದ ವಸ್ತು ಬಿದ್ದಿರುವುದು ನೆಲದಲ್ಲಿ ತಾನೇ, ಆಕಾಶದಲ್ಲಲ್ಲವಲ್ಲ.

ವರ್ಷ ಕಳೆದರೂ ವಾರಸುದಾರರು ಬಾರದ ಸಾಮಾನನ್ನು ವಿಲೇವಾರಿ ಮಾಡುವುದು ಅಲ್ಲಿಯ ಪದ್ಧತಿ. ಆ ಸಲ ಗಟ್ಟಿ ಸೂಟ್‌ಕೇಸುಗಳೆಲ್ಲ ದೊಡ್ಡವರ ಪಾಲಾಗಿ, ಮೂಲೆಯಲ್ಲಿದ್ದ ಹಳೆಯ ಟ್ರಂಕೊಂದು ಯಾರಿಗೂ ಬೇಡವಾಗಿ ಚಹರೆಪ್ಪನಿಗೆ ದಕ್ಕಿತು. ಮನೆಗೆ ಹೊತ್ತು ತಂದು ಬೀಗ ಮುರಿದರೆ, ತೆಳು ಕಾಗದದಲ್ಲಿ ಸುತ್ತಿಟ್ಟ ಹೆಂಗಸರ ಗೌನುಗಳು, ಒಂದು ಜೊತೆ ಗುಂಡಿ ಬೂಟು. ಅಜ್ಜಿಯರ ಕಾಲದವು. ಮೇಲೆ ಒಂದು ಪುಟ್ಟ ಪುಸ್ತಕ: 'ವಿವಾಹಿತ ಸ್ತ್ರೀಯರಿಗೆ ಉಡುಪಿನ ಹಿತವಚನ'. ಬರೆದವರ ಹೆಸರಿನ ಜಾಗದಲ್ಲಿ 'ಓರ್ವ ಅನುಭವಸ್ಥೆ' ಎಂದಿತ್ತು.

ಚಹರೆಪ್ಪ ನಿಂತಲ್ಲೇ ಓದತೊಡಗಿದ. ಅಡುಗೆಯ ಉಡುಪಿನಲ್ಲಿ ಪತಿಯ ಎದುರು ಬರತಕ್ಕದ್ದಲ್ಲ. ಪತಿಯು ಬರುವ ವೇಳೆಗೆ ಕಾಲರಿಗೆ ಇಸ್ತ್ರಿ, ಮುಖಕ್ಕೆ ನಗು, ಎರಡೂ ಸಿದ್ಧವಿರತಕ್ಕದ್ದು. ಪತಿಯು ದಣಿದಿದ್ದರೆ ತಿಳಿಬಣ್ಣ, ಸಿಟ್ಟಾಗಿದ್ದರೆ ಬೂದುಬಣ್ಣ, ಸಂತೋಷದಲ್ಲಿದ್ದರೆ ಹಸಿರು. ಕೊನೆಯಲ್ಲಿ ದಪ್ಪ ಅಕ್ಷರಗಳಲ್ಲಿ ಎಲ್ಲಕ್ಕೂ ಮುಕುಟದಂಥ ಮಾತು: ವಿವಾಹಿತ ಸ್ತ್ರೀಯ ಉಡುಪು ಪತಿಯ ಕಣ್ಣಿಗೆ ಬೀಳಬೇಕು, ನೆರೆಯವರ ಕಣ್ಣಿಗೆ ಬೀಳಬಾರದು.

ಅವನ ಮೈ ಜುಮ್ಮೆಂದಿತು. ಇಷ್ಟು ದೊಡ್ಡ ಜ್ಞಾನ ಟ್ರಂಕಿನಲ್ಲಿ ಬಿದ್ದು ಕೊಳೆಯುತ್ತಿತ್ತಲ್ಲ ಎಂದು ಕಣ್ಣಲ್ಲಿ ನೀರೇ ಬಂತು. ಕೂಡಲೇ ಹೆಂಡತಿಯನ್ನು ಕರೆದು ಕೂರಿಸಿ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳಿದ.

ಹೆಂಡತಿ ಬಸ್ ಡಿಪೋದಲ್ಲಿ ವೆಲ್ಡರ್. ಬೆಳಕು ಹರಿಯುವ ಮೊದಲೇ ಅಂಗಿ ಪ್ಯಾಂಟು ಒಂದೇ ಆದ ದಪ್ಪ ನೀಲಿ ಡಂಗರಿ ತೊಟ್ಟು, ಕೂದಲನ್ನು ಟೊಪ್ಪಿಯೊಳಗೆ ತುರುಕಿ ಹೊರಟರೆ, ಮಧ್ಯಾಹ್ನ ಮಸಿ ಮೆತ್ತಿಕೊಂಡು ಬರುತ್ತಿದ್ದಳು. ಕಟ್ಟಡದ ಮುಂಭಾಗದ ಮೆಟ್ಟಿಲಿಗೆ ಹೊಸ ಕಲ್ಲು ಹಾಸಿದ ದಿನದಿಂದ, ಎಣ್ಣೆ ಬೂಟಿನವರು ಹಿಂದಿನ ಮೆಟ್ಟಿಲಲ್ಲೇ ಓಡಾಡಬೇಕೆಂದು ನಿವಾಸಿಗಳ ಸಂಘದ ಕಾರ್ಯದರ್ಶಿ ನಿಯಮ ಮಾಡಿದ್ದರು. ಎಣ್ಣೆ ಬೂಟು ಇಡೀ ಕಟ್ಟಡದಲ್ಲಿ ಇದ್ದದ್ದು ಅವಳೊಬ್ಬಳಿಗೇ. ಹೀಗಾಗಿ ಅವಳು ಬರುವುದು ಹೋಗುವುದು ಯಾರಿಗೂ ಕಾಣುತ್ತಿರಲಿಲ್ಲ, ಕಂಡವರಿಗೂ ಡಂಗರಿ ಮತ್ತು ಮಸಿ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಹಿತವಚನವನ್ನೆಲ್ಲ ಅವಳು ಉಗುರಿನ ಸಂದಿಯ ಕಪ್ಪು ತೆಗೆಯುತ್ತ ಕೇಳಿದಳು. ಆಮೇಲೆ ಟ್ರಂಕಿನಿಂದ ಹಸಿರು ರೇಷ್ಮೆಯ ಗೌನೊಂದನ್ನು ಎತ್ತಿ, ಒಳಮಗ್ಗುಲು ತಿರುಗಿಸಿ, ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಈ ಜಾಯಿಂಟ್ ನೋಡ್ರೀ," ಎಂದಳು ಮೆಲ್ಲಗೆ, "ಎರಡು ತುಂಡು ಎಲ್ಲಿ ಸೇರಿದೆ ಅಂತ ಹುಡುಕಿದ್ರೂ ಸಿಗಲ್ಲ. ಇಷ್ಟು ವರ್ಷ ಕಬ್ಬಿಣ ಕೂಡಿಸಿದೀನಿ, ನನ್ನ ಕೈಯಲ್ಲಿ ಹೀಗೆ ಬಂದಿಲ್ಲ."

ಹೊಲಿಗೆ ಗಿಲಿಗೆ ಇರಲಿ, ಹಿತವಚನದ ಬಗ್ಗೆ ಏನಂತೀಯ ಎಂದು ಚಹರೆಪ್ಪ ಕೇಳಿದ. ಅವಳು ಗೌನನ್ನು ಮಡಿಲಲ್ಲಿಟ್ಟುಕೊಂಡು ಅವನನ್ನೊಮ್ಮೆ ನೋಡಿ, ಆಗಲಿ, ಮಾಡಿ ನೋಡೋಣ ಎಂದಳು.

ಅಷ್ಟು ಸಾಕಾಯಿತು. ಮರುದಿನದಿಂದ ಚಹರೆಪ್ಪ ಕಟ್ಟಡದ ಉಡುಪು ಪಂಡಿತನಾದ. ಮೆಟ್ಟಿಲಲ್ಲಿ ಯಾರ ಮನೆಯಾಕೆ ಎದುರಾದರೂ ನೆಲ ನೋಡುತ್ತಲೇ ನಿಂತು, ಅಡುಗೆಯ ಉಡುಪಿನಲ್ಲಿ ಹೊರಗೆ ಬರತಕ್ಕದ್ದಲ್ಲ, ನಮ್ಮ ಮನೆಯಲ್ಲಿ ಎಲ್ಲವೂ ಶಾಸ್ತ್ರೋಕ್ತ ಎನ್ನುತ್ತಿದ್ದ. ಎದುರು ಮನೆಯಾಕೆ ಹತ್ತಿರದ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿ ಮುಗಿಸಿ ಕಾಲೆಳೆದುಕೊಂಡು ಬರುತ್ತಿದ್ದವಳಿಗೆ ಅವನು, ನಿಮ್ಮ ಯಜಮಾನರು ದಣಿದಿರುವಾಗ ತಿಳಿಬಣ್ಣ ಉಡಿ ಎಂದ. "ನಾನು ದಣಿದಾಗ ಅವರು ಯಾವ ಬಣ್ಣ ಹಾಕ್ಕೋಬೇಕು?" ಎಂದು ಆಕೆ ಕೇಳಿದಳು. ಚಹರೆಪ್ಪ ಮನೆಗೆ ಹೋಗಿ ಪುಸ್ತಕವನ್ನೆಲ್ಲ ತಿರುವಿಹಾಕಿದ. ಅದರ ಬಗ್ಗೆ ಅನುಭವಸ್ಥೆ ಏನೂ ಬರೆದಿರಲಿಲ್ಲ.

ಇತ್ತ ಹೆಂಡತಿ ಮಾತಿಗೆ ತಪ್ಪಲಿಲ್ಲ. ದಿನವೂ ಸಂಜೆ ಮಿಂದು, ಕೂದಲು ಎತ್ತಿ ಕಟ್ಟಿ, ಒಂದೊಂದು ಗೌನು ತೊಟ್ಟು ಚಹಾ ತಂದುಕೊಡುತ್ತಿದ್ದಳು. ಮೊದಲ ಸಂಜೆ, ಇವತ್ತು ಏನಾದರೂ ವಿಶೇಷ ಕಾಣುತ್ತಾ ಎಂದು ಕೇಳಿದಳು. ಚಹರೆಪ್ಪ ಒದ್ದೆ ಬಟ್ಟೆಯಡಿಯಿಂದಲೇ ಒಂದು ಗುಟುಕು ಕುಡಿದು, ಹೂಂ, ಚಹಾಪುಡಿ ಸ್ವಲ್ಪ ಜಾಸ್ತಿಯಾಗಿದೆ ಎಂದ. ಇನ್ನೊಂದು ಸಂಜೆ ಅವಳು ಬೂದುಬಣ್ಣದ ಗೌನು ತೊಟ್ಟು ಪತ್ರಿಕೆಯ ಎದುರು ಸುಮ್ಮನೆ ನಿಂತಳು. ಬೆಳಕಿಗೆ ಅಡ್ಡ ನಿಲ್ಲಬೇಡವೇ ಎಂದು ಅವನು ಪುಟ ಮಗುಚಿದ. ಅವಳು ಬದಿಗೆ ಸರಿದಳು.

ಗಂಡನ ಕಣ್ಣಿಗೆ ಬೀಳದಿದ್ದದ್ದು ಊರ ಕಣ್ಣಿಗೆ ಚೆನ್ನಾಗಿಯೇ ಬಿತ್ತು. ಒಂದು ಸಂಜೆ ಎದುರು ಮನೆಯಾಕೆ ಬಟ್ಟೆ ಒಣಗಿಸಲು ಬಂದವಳು, ಚಹರೆಪ್ಪನ ಬಾಲ್ಕನಿಯ ಕಡೆ ನೋಡಿ, ಕೈಯಲ್ಲಿದ್ದ ಟವೆಲನ್ನು ಕೆಳಗೆ ಹೋಗುತ್ತಿದ್ದವರ ತಲೆಯ ಮೇಲೆ ಬಿಟ್ಟಳು. ಹಸಿರು ಗೌನು ತೊಟ್ಟ ಹೆಂಗಸೊಬ್ಬಳು ಕಂಬಿಗೆ ಒರಗಿ ನಿಂತಿದ್ದಳು. ಆ ಕತ್ತೇನು, ಆ ನಿಲುವೇನು, ಆ ಗೌನು ಬಿದ್ದ ಬಗೆಯೇನು, ಎದುರು ಮನೆಯಾಕೆಗೆ ಉಸಿರು ಬಿಡುವುದೂ ಮರೆತುಹೋಯಿತು. ಟವೆಲು ತಲೆಯ ಮೇಲೆ ಬಿದ್ದದ್ದು ಸಂಘದ ಕಾರ್ಯದರ್ಶಿಗೆ. ನಿವೃತ್ತ ಪೋಸ್ಟ್ ಮಾಸ್ಟರರಾದ ಅವರು ಬಯ್ಯಲೆಂದು ತಲೆಯೆತ್ತಿದವರು ಬಾಯಿ ಮುಚ್ಚಿ, ಟವೆಲನ್ನು ತೆಗೆದು, ಮೇಲಕ್ಕೆ ನೋಡಿ ಒಂದು ನಮಸ್ಕಾರ ಹಾಕಿದರು. ಮೇಲಿದ್ದಾಕೆ ನಗುತ್ತ ತಲೆಬಾಗಿದಳು. ಆ ರಾತ್ರಿ ಕಾರ್ಯದರ್ಶಿಗಳು ಊಟ ಮಾಡಲಿಲ್ಲವಂತೆ, ಹೊಟ್ಟೆ ತುಂಬಿದೆ ಎಂದರಂತೆ.

ಮರುದಿನ ಸಂಜೆ ಬಾಲ್ಕನಿಗಳಲ್ಲೆಲ್ಲ ಒಣಗಿಸುವ ಬಟ್ಟೆ ಇದ್ದಕ್ಕಿದ್ದಂತೆ ಹೆಚ್ಚಾಯಿತು. ಗಂಡಸರು ಕಾಲರು ಸರಿಮಾಡಿಕೊಂಡು ಗಿಡಗಳಿಗೆ ನೀರು ಹಾಕಲು ಬಂದರು. ಗಿಡವಿಲ್ಲದವರು ಖಾಲಿ ಕುಂಡಕ್ಕೆ ಹಾಕಿದರು. ಒಬ್ಬಳು ಆ ಕಾಲರಿನ ಮಾದರಿಯನ್ನು ದೂರದಿಂದಲೇ ನೋಡಿ ಕತ್ತರಿಸಲು ಹೋಗಿ ಕಿಟಕಿಯ ಪರದೆ ಹಾಳು ಮಾಡಿಕೊಂಡಳು. ಹೀಗೆ ಕೆಲವು ದಿನ ಬೆರಗಿನಲ್ಲೇ ಹೋದವು. ಆಮೇಲೆ, ನೋಡಿ ನೋಡಿ ಕಣ್ಣು ತಣಿದ ಮೇಲೆ, ಅವರಿಗೆ ನೀತಿ ನೆನಪಾಯಿತು. ಡಂಗರಿಯ ಹೆಂಡತಿ ಪಾಪ ಎಲ್ಲೋ ಬೆಂಕಿಯ ಮುಂದೆ ದುಡಿಯುತ್ತಿದ್ದಾಳೆ, ಇಲ್ಲಿ ಈ ಮಹಾಶಯ ದಿನಕ್ಕೊಂದು ಗೌನು ತೊಡುವವಳನ್ನು ತಂದಿಟ್ಟುಕೊಂಡಿದ್ದಾನೆ, ನಮಗೆ ಬೇರೆ ಶಾಸ್ತ್ರ ಹೇಳುತ್ತಾನೆ ಎಂದು ಗುಲ್ಲೆದ್ದಿತು.

ಕಾರ್ಯದರ್ಶಿಗಳು ಚಹರೆಪ್ಪನನ್ನು ಮೆಟ್ಟಿಲ ಕೆಳಗೆ ಹಿಡಿದು ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು, ಮನೆಗೆ ಯಾರೋ ಬಂದಿದ್ದಾರಂತೆ ಎಂದರು. ಯಾರೂ ಇಲ್ಲವಲ್ಲ ಎಂದ ಇವನು. ಹಸಿರು ಗೌನಿನವರು ಎಂದರು ಅವರು. ಹಿತವಚನ ಸಿಕ್ಕ ಮೇಲೆ ಟ್ರಂಕಿನ ಗೌನುಗಳನ್ನು ಮರೆತೇಬಿಟ್ಟಿದ್ದ ಚಹರೆಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಕಾರ್ಯದರ್ಶಿಗಳು ಅವನ ಭುಜ ತಟ್ಟಿ, ಗಂಡಸರ ನಡುವೆ ಮುಚ್ಚುಮರೆ ಏಕೆ, ಇಡೀ ಕಟ್ಟಡವೇ ನೋಡಿದೆ, ದಿನಾ ಸಂಜೆ ನಿಮ್ಮ ಬಾಲ್ಕನಿಯಲ್ಲಿ ಇರುತ್ತಾರೆ ಎಂದರು.

ಚಹರೆಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಇಡೀ ಕಟ್ಟಡ ನೋಡಿದೆಯೆಂದರೆ ಹೆಂಗಸು ಇರಲೇಬೇಕು. ತನ್ನ ಮನೆಯಲ್ಲಿ, ತನಗೆ ತಿಳಿಯದೆ, ಪರಸ್ತ್ರೀ. ಒಂದೇ ಉಸಿರಿಗೆ ಮೇಲಕ್ಕೆ ಓಡಿ, ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತಿರುವುದನ್ನು ಕೇಳಿಸಿಕೊಂಡು, ಅವಳಿಗೆ ಗೊತ್ತಾಗದಂತೆ ಹುಡುಕಲು ಶುರುಮಾಡಿದ. ಬಚ್ಚಲು ನೋಡಿದ. ಬೀರು ತೆರೆದು ಕೋಟುಗಳ ತೋಳು ಹಿಡಿದೆಳೆದ. ಕೊನೆಗೆ ಟಾರ್ಚು ಹಿಡಿದು ಮಂಚದ ಕೆಳಗೆ ತೂರಿದ.

ಮಂಚದ ಆಚೆ ಬದಿಯಲ್ಲಿ ಎರಡು ಕಾಲುಗಳು ಬಂದು ನಿಂತವು. ಸಣ್ಣ ಹಿಮ್ಮಡಿಯ, ಪಕ್ಕದಲ್ಲಿ ಗುಂಡಿಯಿದ್ದ ಕಪ್ಪು ಬೂಟು, ಅದರ ಮೇಲೆ ಹಸಿರು ರೇಷ್ಮೆಯ ಅಂಚು. ಚಹರೆಪ್ಪ ಟಾರ್ಚು ಆರಿಸಿದ. ಇದ್ದಾಳೆ. ಸಾಕ್ಷಾತ್ ಇದ್ದಾಳೆ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಅವಳು ಹೋಗಲಿ ಎಂದು ಮಲಗಿಯೇ ಇದ್ದ.

"ಏನ್ರೀ ಹುಡುಕ್ತಿದೀರಿ?" ಎಂದಿತು ಹೆಂಡತಿಯ ದನಿ.

ಹೋದ ಜೀವ ಬಂದಂತಾಯಿತು. ಕಣ್ಣು ಮುಚ್ಚಿಕೊಂಡೇ, ಅಲ್ಲಿ ನೀನೊಬ್ಬಳೇ ಇದ್ದೀಯಾ ಎಂದು ಪಿಸುಗುಟ್ಟಿದ. ಹೂಂ ಎಂದಳು. ಈಗ ತಾನೇ ಒಬ್ಬಳು ಇದ್ದಳು, ನೀನು ಬಂದೊಡನೆ ಮಾಯವಾದಳು, ನಾನು ಕಣ್ಣಾರೆ ಕಂಡೆ, ಹಸಿರು ಗೌನು, ಗುಂಡಿ ಬೂಟು, ನನ್ನಾಣೆ ಅವಳಾರೋ ನನಗೆ ಗೊತ್ತಿಲ್ಲ, ನಾನು ಅವಳ ಮುಖವನ್ನೂ ನೋಡಿಲ್ಲ ಎಂದು ಒಂದೇ ಸಮನೆ ಬಡಬಡಿಸಿದ.

ಮೇಲೆ ಮಂಚ ಕಿರ್ರೆಂದಿತು, ಅವಳು ಕೂತಿರಬೇಕು.

"ಅದು ನಿಜ," ಎಂದಳು ಅವಳು. "ನೀವು ಮುಖ ನೋಡಿಲ್ಲ." ಆಮೇಲೆ ಅವಳ ಮಾತು ಇನ್ನೂ ತಗ್ಗಿತು. "ಭಾನುವಾರ ನಮ್ಮಣ್ಣನಿಗೆ ಬರೋಕೆ ಹೇಳ್ತೀನಿ. ಆ ಹೆಂಗಸು ಯಾರು ಅಂತ ಅಷ್ಟರಲ್ಲಿ ನೀವೇ ಹೇಳಿದ್ರೆ ಇರ್ತೀನಿ. ಹೇಳಲಿಲ್ಲ ಅಂದ್ರೆ ಅಣ್ಣನ ಜೊತೆ ಹೋಗ್ತೀನಿ."

ಚಹರೆಪ್ಪ ಮಂಚದಡಿಯಿಂದ ಹೊರಬರುವಷ್ಟರಲ್ಲಿ ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ಬೆಳಿಗ್ಗೆ ಎದ್ದಾಗ ಡಿಪೋಗೆ ಹೊರಟುಹೋಗಿದ್ದಳು. ಅಂದಿನಿಂದ ಬಾಲ್ಕನಿಯ ಬಾಗಿಲೂ ತೆರೆಯಲಿಲ್ಲ. ಚಹರೆಪ್ಪ ಚಹಾ ಬಿಟ್ಟ, ಪತ್ರಿಕೆ ಬಿಟ್ಟ. ಅವಳಿಲ್ಲದ ಮನೆಯಲ್ಲಿ ತಾನೊಬ್ಬನೇ ಕುರ್ಚಿಯಲ್ಲಿ ಒರಗಿರುವುದನ್ನು ನೆನೆಸಿಕೊಂಡರೇ ಅವನಿಗೆ ಅಳು ಬರುತ್ತಿತ್ತು. ಕಚೇರಿಯಲ್ಲಿ ಒಬ್ಬನ ಬ್ಯಾಗನ್ನು ಇನ್ನೊಬ್ಬನಿಗೆ ಕೊಟ್ಟು ಕಳಿಸಿದ. ಅವನ ಕಾಲದಲ್ಲಿ ಅಂಥದ್ದು ಆದದ್ದು ಅದೇ ಮೊದಲು.

ಭಾನುವಾರ ಹೆಂಡತಿಯ ಅಣ್ಣ ಬಂದ. ಕೆಟ್ಟು ನಿಂತ ಲಾರಿಗಳನ್ನು ಎಳೆದುಕೊಂಡು ಹೋಗುವ ವಾಹನ ಅವನದು. ತಂಗಿಯ ಸಾಮಾನಿಗೆಂದು ಅದನ್ನೇ ತಂದು ಕಟ್ಟಡದ ಬಾಗಿಲಿಗೆ ಅಡ್ಡ ನಿಲ್ಲಿಸಿದ್ದ. ಮೆಟ್ಟಿಲು ಹತ್ತುವಷ್ಟರಲ್ಲೇ ಮನೆಮನೆಯವರೂ ಕಥೆ ಹೇಳಿ ಅವನ ಕಿವಿ ತುಂಬಿದ್ದರಿಂದ, ಬಂದವನೇ ಚಹರೆಪ್ಪನ ಅಂಗಿಯ ಕತ್ತು ಹಿಡಿದು ಸಂಘದ ಕೋಣೆಗೆ ಕರೆದೊಯ್ದ. "ಭಾವ, ನಡೀರಿ" ಎಂದನೇ ಹೊರತು ಮರ್ಯಾದೆಗೆ ಕುಂದು ತರಲಿಲ್ಲ. ಕಾರ್ಯದರ್ಶಿಗಳು ಅಧ್ಯಕ್ಷತೆ ವಹಿಸಿದರು. ಕೂರಲು ಜಾಗವಿಲ್ಲದವರು ಕಿಟಕಿ ಏರಿದರು. ಹೆಂಡತಿ ಭಾನುವಾರದ ಪಾಳಿ ಮುಗಿಸಿ ನೇರವಾಗಿ ಬಂದು, ಡಂಗರಿಯಲ್ಲೇ, ಟೊಪ್ಪಿಯಲ್ಲೇ, ಮೂಲೆಯ ಬೆಂಚಿನಲ್ಲಿ ಕೂತಳು. ಎಲ್ಲರೂ ಅವಳತ್ತ ಮರುಕದಿಂದ ನೋಡಿ ಲೊಚಗುಟ್ಟಿದರು.

ಆ ಹೆಂಗಸು ಯಾರು ಎಂದು ಅಧ್ಯಕ್ಷರು ಕೇಳಿದರು. ಗೊತ್ತಿಲ್ಲ ಎಂದ ಚಹರೆಪ್ಪ. ಹೆಂಡತಿಯ ಅಣ್ಣ ಅಂಗಿತೋಳು ಮಡಿಸಿದ. ಎದುರು ಮನೆಯಾಕೆಯನ್ನು ಸಾಕ್ಷಿ ಹೇಳಲು ಕರೆದರು. ಬಯ್ಯಲೆಂದು ಎದ್ದುನಿಂತವಳು ಆಕೆ. ಆದರೆ ಬಾಲ್ಕನಿಯ ಮಾತು ಬಂದದ್ದೇ ದನಿ ಮೆತ್ತಗಾಯಿತು. ಹೇಳಬಾರದು, ಆದರೂ ಅಂಥ ಹೆಂಗಸನ್ನು ತಾನು ಹುಟ್ಟಿದ ಮೇಲೆ ನೋಡಿಲ್ಲ ಎಂದಳು. ಕತ್ತಿನ ಬಳಿ ಚಿಕ್ಕ ಕಾಲರು, ಮುಚ್ಚಿದ ಗುಂಡಿಗಳ ಸಾಲು, ಕಿವಿಯ ಹಿಂದೆ ಬಿಟ್ಟ ಒಂದೇ ಒಂದು ಸುರುಳಿ ಕೂದಲು ಎಂದು ಆಕೆ ಹೇಳುತ್ತಿದ್ದಂತೆ ಕಿಟಕಿಯ ಮೇಲಿದ್ದವರೂ ಹೂಂಗುಟ್ಟಿದರು. ಚಹರೆಪ್ಪನ ಕೈ, ಅಭ್ಯಾಸಬಲದಿಂದ, ಜೇಬಿನ ಪೆನ್ಸಿಲು ತೆಗೆದು ಅಂಗೈ ಮೇಲೇ ಗುರುತು ಹಾಕಿಕೊಳ್ಳತೊಡಗಿತು.

"ಎಡಗೈ ಮಣಿಕಟ್ಟಿನ ಹತ್ತಿರ ಒಂದು ಸುಟ್ಟ ಕಲೆ," ಎಂದಳು ಎದುರು ಮನೆಯಾಕೆ. "ಹಳೇದು. ನಾನು ನರ್ಸು, ಅದು ನನಗೆ ಗೊತ್ತಾಗುತ್ತೆ. ಅದನ್ನ ಮುಚ್ಕೊಳ್ಳೋಕೂ ಹೋಗಲ್ಲ ಅವಳು. ಕಂಬಿ ಮೇಲೆ ಆ ಕೈಯಿಟ್ಟು ರಸ್ತೆ ತಿರುವನ್ನೇ ನೋಡ್ತಿರ್ತಾಳೆ. ಇವರು ತಿರುವಿನಲ್ಲಿ ಕಾಣಿಸಿದ್ರೆ ಸಾಕು, ಮುಖ ಹೇಗೆ ಬೆಳಗುತ್ತೆ ಅಂತೀರಿ. ಇವರೋ ನೆಲ ನೋಡ್ಕೊಂಡು ಬರ್ತಾರೆ. ಒಂದು ದಿನವಾದ್ರೂ ತಲೆಯೆತ್ತಿದಾರಾ? ಯಾವಳೇ ಆಗಿರಲಿ, ಅವಳಿಗಾಗಿ ನನ್ನ ಕರುಳು ಚುರುಕ್ ಅಂತು."

ಚಹರೆಪ್ಪನ ಪೆನ್ಸಿಲು ನಿಂತಿತು. ಮದುವೆಯಾದ ಹೊಸದರಲ್ಲಿ, ಡಿಪೋದಲ್ಲಿ ಕಿಡಿ ಸಿಡಿದು ಹೆಂಡತಿಯ ಎಡಗೈ ಸುಟ್ಟಾಗ, ದಿನಾ ಮುಲಾಮು ಹಚ್ಚಿ ಊದಿದವನು ಅವನೇ. ಅವನು ಅಂಗೈ ನೋಡಿದ, ಮೂಲೆಯ ಬೆಂಚು ನೋಡಿದ, ಮತ್ತೆ ಅಂಗೈ ನೋಡಿದ.

"ಅದು ನನ್ನ ಹೆಂಡತಿ," ಎಂದ.

ಕೋಣೆ ಗೊಳ್ಳೆಂದು ನಕ್ಕಿತು. ಸುಳ್ಳು ಹೇಳಲಿಕ್ಕೂ ಒಂದು ಮಿತಿ ಬೇಡವೇ ಎಂದರು ಕಾರ್ಯದರ್ಶಿಗಳು. ಡಂಗರಿಯ ಕಡೆ ಕೈ ತೋರಿಸಿ, ಈಕೆ ಎಲ್ಲಿ, ಆಕೆ ಎಲ್ಲಿ, ಅಜಗಜಾಂತರ, ನಾನು ಆಕೆಗೆ ನಮಸ್ಕಾರ ಮಾಡಿದವನು, ನನಗೆ ತಿಳಿಯದೇ ಎಂದರು. ಸ್ವಂತ ಅಣ್ಣನೂ ತಂಗಿಯನ್ನು ಮೇಲಿಂದ ಕೆಳಗೆ ನೋಡಿ, ಭಾವ, ಇದು ಅತಿಯಾಯಿತು ಎಂದ. ಚಹರೆಪ್ಪ ಆಣೆ ಇಟ್ಟ, ದೇವರನ್ನು ಕರೆದ, ಅಂಗೈ ತೋರಿಸಿದ. ಜೀವಮಾನದಲ್ಲಿ ಅಷ್ಟು ನಿಜವಾದ ಮಾತನ್ನು ಅವನು ಆಡಿರಲಿಲ್ಲ, ಅಷ್ಟು ಜನ ಒಟ್ಟಿಗೆ ಅವನನ್ನು ನಂಬದೆ ಹೋದದ್ದೂ ಇರಲಿಲ್ಲ.

ಆಗ ಹೆಂಡತಿ ಮೊದಲ ಸಲ ಬಾಯಿ ತೆರೆದಳು. "ನೀವು ನೋಡಿದ್ರಾ ಅವಳನ್ನ?"

ಹೌದು ಎಂದರೆ ಮುಗಿಯುತ್ತಿತ್ತು. ಹೊರಗೆ ಲಾರಿ ಎಳೆಯುವ ವಾಹನ ಕಾಯುತ್ತಿತ್ತು. ಚಹರೆಪ್ಪ ಪೆನ್ಸಿಲನ್ನು ಜೇಬಿಗೆ ಹಾಕಿದ.

"ಇಲ್ಲ," ಎಂದ. "ಇವರೆಲ್ಲ ನೋಡಿದಾರೆ. ನಾನು ನೋಡಿಲ್ಲ. ಪಾದ ಮಾತ್ರ ನೋಡಿದೆ, ಅದೂ ಮಂಚದ ಕೆಳಗಿಂದ."

ಯಾರೂ ನಗಲಿಲ್ಲ. ಹೆಂಡತಿ ಎದ್ದು, ಟೊಪ್ಪಿ ತೆಗೆದಳು. ಕೂದಲು ಭುಜದ ಮೇಲೆ ಬಿತ್ತು. ಜೇಬಿನ ಕರವಸ್ತ್ರದಿಂದ ಮುಖದ ಮಸಿ ಒರೆಸಿಕೊಂಡು, ಎಡತೋಳು ಮಡಿಸಿ, ಅಧ್ಯಕ್ಷರ ಮೇಜಿನ ಅಂಚಿಗೆ ಒರಗಿ ತಲೆಬಾಗಿದಳು, ಬಾಲ್ಕನಿಯಿಂದ ಬಾಗಿದ ಹಾಗೆಯೇ. ಕಾರ್ಯದರ್ಶಿಗಳು ತಮಗೇ ತಿಳಿಯದೆ ಎದ್ದು ಮತ್ತೊಮ್ಮೆ ಕೈಮುಗಿದರು. ಎದುರು ಮನೆಯಾಕೆ ಕೆನ್ನೆಗೆ ಕೈಯಿಟ್ಟುಕೊಂಡಳು. ಕಿಟಕಿಯಿಂದ ಯಾರೋ ಒಳಕ್ಕೆ ಬಿದ್ದರು.

"ಪುಸ್ತಕದಲ್ಲಿದ್ದದ್ದನ್ನೆಲ್ಲ ಮಾಡಿದೆ," ಎಂದಳು ಅವಳು ಗಂಡನಿಗೆ. "ಏನುಡಬೇಕು, ಹೇಗೆ ನಿಲ್ಲಬೇಕು, ಎಲ್ಲ ಬರೆದಿದಾಳೆ ಆ ಮಹಾತಾಯಿ. ನೋಡೋನು ಕಣ್ಣು ಬಿಟ್ಟಿರಬೇಕು ಅಂತ ಒಂದು ಸಾಲು ಬರೆಯೋದು ಮರೆತಿದಾಳೆ."

ಅಂದು ಆ ಕೋಣೆಯಲ್ಲಿ ಅನೇಕ ನಿರ್ಣಯಗಳಾದವು. ಮುಂಭಾಗದ ಮೆಟ್ಟಿಲು ಎಲ್ಲ ಬೂಟುಗಳಿಗೂ ಸೇರಿದ್ದೆಂದು ಕಾರ್ಯದರ್ಶಿಗಳು ಅಲ್ಲೇ ಘೋಷಿಸಿದರು. ಹಿತವಚನವನ್ನು ಗಂಡಸರೆಲ್ಲ ಸರದಿಯ ಮೇಲೆ ಓದಿ, ಹೆಂಡತಿಗೆ ಬದಲಾಗಿ ತಾವೇ ಪಾಲಿಸತಕ್ಕದ್ದೆಂದು ಎದುರು ಮನೆಯಾಕೆ ಸೂಚಿಸಿದಳು, ಕಿಟಕಿಯ ಕಡೆಯಿಂದ ಅನುಮೋದನೆ ಬಂತು. ಅವಳ ಯಜಮಾನ ಮರುದಿನವೇ ತಿಳಿಬಣ್ಣದ ಅಂಗಿ ತೊಟ್ಟು ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದನಂತೆ. ಆದರೆ ತಂಗಿ ಬರುತ್ತಾಳೋ ಇಲ್ಲವೋ ಎಂದು ಅಣ್ಣ ಕೇಳಿದಾಗ ಮಾತ್ರ ಅವಳು ಗಂಡನ ಕಡೆ ಒಮ್ಮೆ ನೋಡಿದಳು. ನಾಳೆ ಸಂಜೆವರೆಗೆ ಗಾಡಿ ಇಲ್ಲೇ ಇರಲಿ ಅಣ್ಣ ಎಂದಳು.

ಮರುದಿನ ಸಂಜೆ ಚಹರೆಪ್ಪ ರಸ್ತೆಯ ತಿರುವಿನಿಂದ ತಲೆಯೆತ್ತಿಕೊಂಡು ಬಂದ. ಅಭ್ಯಾಸವಿಲ್ಲದ್ದರಿಂದ ಒಂದು ಕಂಬಕ್ಕೆ, ಒಬ್ಬ ಹಾಲಿನವನಿಗೆ ಡಿಕ್ಕಿ ಹೊಡೆದ. ಕಟ್ಟಡದ ಬಾಲ್ಕನಿಗಳೆಲ್ಲ ತುಂಬಿದ್ದವು. ಎಲ್ಲರೂ ಹಸಿರು ಗೌನಿಗಾಗಿ ಕಾದಿದ್ದರು. ಅವನ ಬಾಲ್ಕನಿಯ ಬಾಗಿಲು ತೆರೆಯಿತು. ಹೆಂಡತಿ ಡಂಗರಿಯಲ್ಲೇ ಬಂದು ನಿಂತಳು. ಅಯ್ಯೋ ಎಂದು ಅಕ್ಕಪಕ್ಕದವರೆಲ್ಲ ನಿಟ್ಟುಸಿರು ಬಿಟ್ಟರು.

ಚಹರೆಪ್ಪ ಮಾತ್ರ ನಡುರಸ್ತೆಯಲ್ಲಿ ನಿಂತುಬಿಟ್ಟ. ತೋಳು ಮೇಲಕ್ಕೆ ಮಡಿಸಿದ್ದ ನೀಲಿ ಬಟ್ಟೆ, ಹೆಗಲ ಮೇಲೆ ಕಿಡಿ ಬಿದ್ದು ಆದ ಸಣ್ಣ ತೂತುಗಳು, ಹುಬ್ಬಿನ ತುದಿಗೆ ಒರೆಸದೆ ಉಳಿದ ಮಸಿ, ಬೆಳಗಿನ ಪಾಳಿಯೆಲ್ಲ ಬೆಂಕಿಯ ಮುಂದೆ ನಿಂತು ಬಂದರೂ ಬಾಗದ ಕತ್ತು. ಇವಳು ದಿನಾ ತನ್ನ ಮನೆಯಲ್ಲೇ ಇದ್ದಳೇ ಎಂದು ಅವನು ಬಾಯಿ ತೆರೆದು ನೋಡಿದ. ಹಿಂದೆ ಬಂದ ಬಸ್ಸು ಹಾರನ್ ಹೊಡೆಯಿತು. ಅವನು ಅಲುಗಲಿಲ್ಲ. ಡ್ರೈವರ್ ಬಯ್ಯಲೆಂದು ಇಳಿದು, ಅವನು ನೋಡುತ್ತಿದ್ದ ಕಡೆ ತಾನೂ ನೋಡಿ, ಸುಮ್ಮನೆ ಪಕ್ಕದಲ್ಲಿ ನಿಂತ.

ಮೇಲಿನಿಂದ ಹೆಂಡತಿ ಕಂಬಿಯ ಮೇಲೆ ಬಾಗಿದಳು. ಅವಳ ಮುಖ ಕೆಂಪಾಗಿತ್ತು.

"ಸಾಕು ಬನ್ನಿ ಮೇಲೆ. ಜನ ಎಲ್ಲ ನೋಡ್ತಿದಾರೆ."

"ನೋಡ್ಲಿ ಬಿಡೇ," ಎಂದ ಚಹರೆಪ್ಪ ಕಣ್ಣು ಕೀಳದೆ. "ಅವರು ಆಗಲೇ ಎಷ್ಟೋ ದಿನದಿಂದ ನೋಡಿದಾರೆ. ನಂದು ಇವತ್ತಿನ್ನೂ ಶುರು."